ಹದಿನಾರೊಂಬತ್ತರ ಗುಗ್ಗರಿ

ಯುದ್ಧ ಶುರುವಾದ ಮೇಲೆ ಹೊಸಕೋಟೆ ಅಂಗಡಿಗಳಲ್ಲಿ ಪೆಪ್ಪರಮಿಂಟು ಸಿಗುವುದು ನಿಂತಿತು. ಮಗ್ಗಿ ಒಪ್ಪಿಸಿದ ಮಕ್ಕಳಿಗೆ ಕೊಡಲು ನನ್ನ ಹೆಂಡತಿ ಲಕ್ಷ್ಮೀದೇವಮ್ಮ ಹುರುಳಿ ಬೇಯಿಸಿ, ಉಪ್ಪು ಹಾಕಿ, ಡಬ್ಬಿಗೆ ತುಂಬಿ ಕೊಡುತ್ತಿದ್ದಳು. ನಂದಗುಡಿ ಹತ್ತಿರದ ನಮ್ಮೂರಿನ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ನಾಲ್ಕು ತರಗತಿ, ಒಂದು ಕೋಣೆ. ಮಧ್ಯಾಹ್ನದ ಹೊತ್ತಿಗೆ ಗಂಟಲೂ ಹೋಗಿರುತ್ತಿತ್ತು, ತಾಳ್ಮೆಯೂ ಹೋಗಿರುತ್ತಿತ್ತು.

ನಿಯಮ ನನ್ನ ಮೇಷ್ಟ್ರ ಕಾಲದ್ದು. ಸರಿಯಾಗಿ ಹೇಳಿದವರಿಗೆ ಒಂದು ಹಿಡಿ ಗುಗ್ಗರಿ. ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯುವವರೂ ಅವರೇ.

ಆ ದಿನ ಹದಿನಾರೊಂಬತ್ತು ಕೇಳಿದೆ. ಪಟೇಲರ ಮಗಳು ವರಲಕ್ಷ್ಮಿ ತಪ್ಪು ಹೇಳಿದಳು. ಪಕ್ಕದಲ್ಲಿದ್ದ ಸೊಣ್ಣಮ್ಮನನ್ನು ಕೇಳಿದರೆ ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಡಬ್ಬಿಯ ಮೇಲಿತ್ತು.

"ಗುಗ್ಗರಿ ನೋಡಕ್ಕೆ ಬರ್ತೀಯೇನೆ, ಸ್ಕೂಲ್ಗೆ?"

ಅವಳ ಕೈ ಚಾಚಿಸಿ ಬೆತ್ತದಲ್ಲಿ ಎರಡು ಬಿಟ್ಟೆ.

ಸಂಜೆ ಕೆರೆ ಏರಿ ಮೇಲೆ ಅವಳ ತಾಯಿ ಮಾರಕ್ಕ ಎದುರಾದಳು. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆಯೇ ನಿಂತಳು.

"ಹೊಡೀರಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಮಗ್ಗಿ ಬರಲ್ಲ ಅಂತ ಮಾತ್ರ ಹೊಡೀಬ್ಯಾಡಿ. ರಾಗಿ ಬೀಸುವಾಗ ಇಪ್ಪತ್ತರ ಗಂಟ ಹೇಳ್ತಾಳೆ."

"ಮತ್ತೆ ನನ್ನ ಮುಂದೆ ನಾಲ್ಗೆ ಬಿದ್ದೋಗಿತ್ತಾ?"

"ಹೋದ ತಿಂಗ್ಳು ವರಲಕ್ಷ್ಮಿ ಮೂಗನ್ನ ನನ್ ಮಗಳು ಹಿಡಿದ್ಲಲ್ಲ? ಆ ಮಗು ಮೂಗು ಕೆಂಪಗೆ ಮಾಡ್ಕೊಂಡು ಮನೆಗೆ ಹೋಯ್ತು. ಅವರಮ್ಮ ಮೂರು ದಿನ ನನ್ನ ಕೆಲಸಕ್ಕೆ ಕರೀಲಿಲ್ಲ. ಮೂರು ದಿನ ಮನೇಲಿ ಹಿಟ್ಟಿಲ್ಲ. ನಾನೇ ಹೇಳ್ದೆ, ಗೊತ್ತಿದ್ರೂ ಸುಮ್ನಿರು ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಪಟೇಲ್ರ ಜಗಲಿ ಮುಂದೆ ನಿಂತು ಕೂಗಾಡ್ತಿದ್ರಿ. ನೀವು ಕೂಗಿ ಮನೆಗೆ ಹೋಗ್ತೀರ. ಮಾರನೇ ದಿನ ಅಲ್ಲಿಗೆ ಹೋಗ್ಬೇಕಾದೋಳು ನಾನು."

ಕೂಗಾಡಬೇಕು ಅಂತಲೇ ಅನ್ನಿಸಿತ್ತು. ಅವಳು ಅಷ್ಟು ಹೇಳಿದ ಮೇಲೆ ಸುಮ್ಮನೆ ಮನೆಗೆ ಬಂದೆ.

"ನಾಳೆ ಎಲ್ಲಾ ಮಕ್ಕಳಿಗೂ ಆಗೋವಷ್ಟು ಬೇಯಿಸು" ಅಂದೆ.

ಲಕ್ಷ್ಮೀದೇವಮ್ಮ ಹುರುಳಿ ಮಡಕೆಯೊಳಗೆ ಬಗ್ಗಿ ನೋಡಿದಳು. "ಹಿಂಗಾದ್ರೆ ಶುಕ್ರವಾರದ ಗಂಟ ಬಂದೀತು."

"ಬಂದಷ್ಟು ದಿನ ಬರ್ಲಿ."

ಮಾರನೇ ದಿನ ಪ್ರಶ್ನೆಗೆ ಮೊದಲೇ ಎಲ್ಲರಿಗೂ ಒಂದೊಂದು ಹಿಡಿ ಹಂಚಿದೆ. ಇನ್ನು ಯಾರೂ ಯಾರ ಮೂಗನ್ನೂ ಮುಟ್ಟಬಾರದು, ಮುಟ್ಟಿದರೆ ಬೆತ್ತ ಅಂದೆ. ಆಮೇಲೆ ಮತ್ತೆ ಹದಿನಾರೊಂಬತ್ತು ಕೇಳಿದೆ. ವರಲಕ್ಷ್ಮಿ ಮತ್ತೆ ತಪ್ಪು ಹೇಳಿದಳು. ಸೊಣ್ಣಮ್ಮನ ಬಾಯಿ ತುಂಬ ಹುರುಳಿ. ನಾನು ಬೆತ್ತ ಮುಟ್ಟದೆ ಕಾದೆ. ಅವಳು ಅವಸರವಿಲ್ಲದೆ ಅಗಿದು ನುಂಗಿದಳು.

"ನೂರ ನಲವತ್ನಾಲ್ಕು."

ವರಲಕ್ಷ್ಮಿ ಅಭ್ಯಾಸಬಲದಿಂದ ಎದ್ದು ಅವಳ ಮುಂದೆ ಮೂಗು ಚಾಚಿ ಕಣ್ಣು ಮುಚ್ಚಿಕೊಂಡಳು. ಸೊಣ್ಣಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಮುಖ ನೋಡಿದಳು.

"ಇಬ್ರೂ ಕೂತ್ಕಳ್ರೆ" ಅಂದೆ.

ಅಂದು ಬುಧವಾರ. ಮಡಕೆಯಲ್ಲಿ ಇನ್ನೆರಡು ದಿನದ ಹುರುಳಿ ಇತ್ತು.