ನಾಲ್ಕನೆಯ ತೆಪ್ಪ

ಹೇಮಶ್ರೀ ಬರುವುದಿಲ್ಲ ಎಂಬ ಸುದ್ದಿ ಶಾಮಿಯಾನದ ಹಿಂದಕ್ಕೆ ತಲುಪಿದಾಗ ನಾಗರತ್ನ ಉಪ್ಪಿಟ್ಟಿನ ದಬರಿಯ ತಳ ಕೆರೆಯುತ್ತಿದ್ದಳು. ಸುದ್ದಿ ತಂದವಳು ನರ್ಸ್ ರೂಪ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು.

"ಬಚ್ಚಲಲ್ಲಿ ಜಾರಿ ಬಿದ್ದವಳೆ ಅಂತೆ. ಪಾದ ಊದ್ಕೊಂಡು ನಿಲ್ಲೋಕೇ ಆಗ್ತಿಲ್ಲ. ಈಗೇನಕ್ಕ ಮಾಡೋದು? ಇನ್ನು ಅರ್ಧ ಗಂಟೆ ಅದೆ."

ನಾಗರತ್ನ ಸೌಟನ್ನು ಕೆಳಗಿಟ್ಟಳು. ಶಾಮಿಯಾನದಾಚೆ ತಮಟೆಯವರು ಆಗಲೇ ಶುರುಮಾಡಿದ್ದರು. ಮಳವಳ್ಳಿಯಿಂದ ಎರಡು ಮೈಲಿ ಆಚೆಗಿನ ಆ ಕೆರೆ ಈ ಸಲ ಕೋಡಿ ಬಿದ್ದಿತ್ತು. ಏರಿಯುದ್ದಕ್ಕೂ ಜನವೋ ಜನ. ಬೈಕುಗಳು, ಟ್ರ್ಯಾಕ್ಟರುಗಳು, ಐಸ್‌ಕ್ರೀಮಿನ ಗಾಡಿಗಳು. ಭಾನುವಾರದ ಎಳೆಬಿಸಿಲಿನಲ್ಲಿ ಬುಟ್ಟಿಯಂಥ ನಾಲ್ಕು ದುಂಡು ತೆಪ್ಪಗಳು ನೀರಂಚಿನಲ್ಲಿ ಸಾಲಾಗಿ ಕೂತಿದ್ದವು. ಒಂದು ಮಹಿಳಾ ಪೊಲೀಸರದು, ಒಂದು ಮೇಷ್ಟ್ರಮ್ಮಂದಿರದು, ಒಂದು ಹಾಲಿನ ಸೊಸೈಟಿಯ ಹೆಂಗಸರದು. ನಾಲ್ಕನೆಯದು ಕೈಜೋಡು ಬಳಗದ್ದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಂಗಸರು ರೂಪಳ ಜೊತೆ ಸೇರಿ ಕಟ್ಟಿಕೊಂಡ ಬಳಗ ಅದು. ಈ ತೆಪ್ಪದ ಓಟ ನಡೆಯುತ್ತಿದ್ದುದು ಅವರಿಗೊಂದು ವ್ಯಾನು ಕೊಳ್ಳುವುದಕ್ಕೆ. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಲು ಇಪ್ಪತ್ತೈದು ದಿನ ದಿನಾಲೂ ಮೈಸೂರಿಗೆ ಹೋಗಿ ಬರಬೇಕು. ಎರಡು ಬಸ್ಸು ಬದಲಾಯಿಸಿ, ವಾಂತಿ ಮಾಡಿಕೊಂಡು, ನಿಂತುಕೊಂಡು ಹೋಗಿ ಬರಲಾರದೆ ಹೋದ ವರ್ಷ ಇಬ್ಬರು ಅರ್ಧಕ್ಕೇ ಬಿಟ್ಟಿದ್ದರು. ಅವರಲ್ಲಿ ಬೆಳಕವಾಡಿ ಕಡೆಯವಳೊಬ್ಬಳು ಈಗ ಇಲ್ಲ.

"ನಮ್ಮ ತೆಪ್ಪದ ಹೆಸರಿಗೇ ಜನ ಹೆಚ್ಚು ದುಡ್ಡು ಕೊಟ್ಟವ್ರೆ," ಎಂದಳು ರೂಪ. "ಅದೇ ನೀರಿಗೆ ಇಳೀದೆ ಹೋದ್ರೆ ಯಾವ ಮುಖ ತೋರ್ಸೋದು?"

ಇನ್ನೇನು ಹೇಳಬೇಕೆಂದಿದ್ದಾಳೆ ಎಂಬುದು ನಾಗರತ್ನಳಿಗೆ ಗೊತ್ತಿತ್ತು. ಬಳಗದಲ್ಲಿ ಹುಟ್ಟು ಹಾಕಲು ಬರುವವಳು ತಾನೊಬ್ಬಳೇ. ತವರಿನವರ ಎರಡೆಕರೆ ಹೊಳೆಯಾಚೆ ಇತ್ತು. ಹತ್ತು ವರ್ಷದವಳಿದ್ದಾಗಲೇ ಅಪ್ಪ ಮುದ್ದಯ್ಯನ ಜೊತೆ ಕಾವೇರಿಯಲ್ಲಿ ತೆಪ್ಪ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದವಳು. ಹದಿನೈದು ದಿನದಿಂದ ಬೆಟ್ಟಮ್ಮನಿಗೂ ಹೇಮಶ್ರೀಗೂ ಕಲಿಸಿದವಳೂ ಅವಳೇ. ಆದರೆ ಒಂದು ಕರಾರು ಹಾಕಿದ್ದಳು. ಓಟದ ದಿನ ತಾನು ಶಾಮಿಯಾನದ ಹಿಂದೆ ಅಡುಗೆಗೆ ಇರುತ್ತೇನೆ, ಮುಂದೆ ಬರುವುದಿಲ್ಲ. ಅವಳ ಊರು ಹಲಗೂರಿನಲ್ಲಿ ಎಲ್ಲರಿಗೂ ಗೊತ್ತಿದ್ದುದು ನಾಗರತ್ನಳಿಗೆ ಎರಡು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಯಿತು ಎಂದಷ್ಟೇ. ಈಗ ಮಗಳು ದೀಪಿಕಳಿಗೆ ಕೊಕ್ಕರೆ ಬೆಳ್ಳೂರಿನ ಸಂಬಂಧ ಕೂಡಿಬಂದಿತ್ತು. ಹುಡುಗ ರಘುನಂದನ್, ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಎದೆಯ ಕಾಯಿಲೆ ತಾಯಿಯಿಂದ ಮಗಳಿಗೆ ಬರುತ್ತದಂತೆ ಎಂದು ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು.

ಬೆಳಗ್ಗೆ ಪರದೆಯ ಸಂದಿಯಿಂದ ಇಣುಕಿದಾಗ ಮೊದಲ ಸಾಲಿನಲ್ಲೇ ರಘುನಂದನನ ತಾಯಿ ಚಿಕ್ಕಮಾದಮ್ಮ ಕಂಡಿದ್ದರು. ಮಗನ ಆಫೀಸಿನವರು ಮೈಕು, ಜನರೇಟರಿನ ಖರ್ಚು ವಹಿಸಿಕೊಂಡಿದ್ದರು. ತಾಯಿಯೂ ಅವರ ಜೊತೆ ಬಂದು ಹಸಿರು ಅಂಚಿನ ಸೀರೆಯುಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಬೆಟ್ಟಮ್ಮ ಏನಂತಾಳೆ?" ಎಂದಳು ನಾಗರತ್ನ.

"ಒಬ್ಬಳೇ ಓಗ್ತೀನಿ ಅಂತ ತೆಪ್ಪದಾಗೆ ಕುಂತವ್ಳೆ. ಅರವತ್ತೆರಡು ವಯಸ್ಸು ಅದ್ಕೆ."

ನಾಗರತ್ನಳಿಗೆ ನಗು ಬಂತು. ಸೆರಗಿಗೆ ಕೈ ಒರೆಸಿಕೊಂಡು ಅವಳು ಗೇಟಿನ ಕಡೆ ನಡೆದಳು. ಅಲ್ಲಿ ಗಂಡ ಸಿದ್ದರಾಜು ಟಿಕೆಟು ಹರಿಯುತ್ತಿದ್ದ. ಇಪ್ಪತ್ತು ವರ್ಷದಿಂದ ಸಾರಿಗೆ ಬಸ್ಸಿನ ಕಂಡಕ್ಟರು. ರಜೆಯ ದಿನವೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಜನರನ್ನು ಮುಂದೆ ಮುಂದೆ ತಳ್ಳುತ್ತಿದ್ದ.

"ಹೇಮಶ್ರೀ ಬತ್ತಿಲ್ಲ. ನಾನು ಕೂತ್ಕತೀನಿ," ಎಂದಳು.

ಸಿದ್ದರಾಜು ಟಿಕೆಟು ಹರಿಯುವುದನ್ನು ನಿಲ್ಲಿಸಿದ. "ಬೀಗಿತ್ತಿ ಎದ್ರುಗೇ ಕುಂತವ್ರೆ ಕಣೆ."

"ನೋಡ್ದೆ."

"ನಿಶ್ಚಿತಾರ್ಥಕ್ಕೆ ಹದಿನೆಂಟೇ ದಿನ ಅದೆ."

"ಅದೂ ಗೊತ್ತು. ಆದ್ರೆ ಆ ಬೆಳಕವಾಡಿಯೋಳು ಬಸ್ಸಿನಾಗೆ ನನ್ ಪಕ್ಕನೇ ನಿಂತ್ಕಂಡು ಬತ್ತಿದ್ಲು. ಹದಿನಾಲ್ಕು ದಿನ ಬಂದ್ಲು. ಹದಿನೈದನೇ ದಿನ ಬರ್ಲಿಲ್ಲ."

ಅವನು ಜೇಬಿನಿಂದ ಫೋನು ತೆಗೆದು ಮಗಳಿಗೆ ಹಚ್ಚಿ ನಾಗರತ್ನಳ ಕೈಗೆ ಕೊಟ್ಟ. ದೀಪಿಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಕೂತ್ಕೊ ಅಮ್ಮ. ಅವರಿಗೆ ಬ್ಯಾಡ ಅನ್ನಿಸೋ ಹಾಗಿದ್ರೆ ಈಗಲೇ ಅನ್ನಿಸ್ಲಿ. ಮದುವೆ ಆದ್ಮೇಲೆ ಅನ್ನಿಸೋದಕ್ಕಿಂತ ವಾಸಿ," ಎಂದಳು.

ಬಂದ ಹೆಂಗಸರ ಎದೆ ತಪಾಸಣೆಗೆಂದು ಡಾಕ್ಟರಮ್ಮ ಕೂತಿದ್ದ, ಗುಲಾಬಿ ಪರದೆ ಕಟ್ಟಿದ ಡೇರೆಯೊಳಗೆ ರೂಪ ಅವಳಿಗೆ ಜಾಕೆಟ್ಟು ತೊಡಿಸಿದಳು. ಪಟ್ಟಿ ಎಡಗಡೆ ಸರಿಯಾಗಿ ಕೂರಲಿಲ್ಲ. ರವಿಕೆಯೊಳಗೆ ಹತ್ತಿ ತುಂಬಿ ಹೊಲಿದಿಟ್ಟುಕೊಂಡಿದ್ದ ದಿಂಬು ಅಡ್ಡ ಬರುತ್ತಿತ್ತು. ನಾಗರತ್ನ ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಈಚೆ ತೆಗೆದು ರೂಪಳ ಚೀಲಕ್ಕೆ ಹಾಕಿದಳು. ಪಟ್ಟಿ ಬಿಗಿಯಾಗಿ ಕೂತಿತು.

ತೆಪ್ಪದಲ್ಲಿ ಬೆಟ್ಟಮ್ಮ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಮಂಡಿಯೂರಿ ಕೂತಿದ್ದಳು. ನಾಗರತ್ನಳನ್ನು ಕಂಡು ಬೊಚ್ಚುಬಾಯಿ ಅಗಲಿಸಿದಳು. "ಬಂದ್ಯಾ? ನಂಗೆ ಬಲಗಡೆ ಕುಯ್ದವ್ರೆ, ನಿಂಗೆ ಎಡಗಡೆ. ನಾನು ಎಡಗೈನಾಗೆ ಎಳೀತೀನಿ, ನೀನು ಬಲಗೈನಾಗೆ ಎಳಿ. ಇಬ್ರೂ ಸೇರುದ್ರೆ ಒಂದು ಗಟ್ಟಿ ಆಳು ಆಯ್ತದೆ."

ದಡದಿಂದ ದೂರದಲ್ಲಿ, ನೀರಿನ ನಡುವೆ ಕಲ್ಲು ಕಟ್ಟಿ ನಿಲ್ಲಿಸಿದ ನೀಲಿ ಡ್ರಮ್ಮಿನ ಮೇಲೆ ಬಾವುಟ ಹಾರುತ್ತಿತ್ತು. ಅದನ್ನು ಬಳಸಿಕೊಂಡು ವಾಪಸು ಬರಬೇಕು. ಅಗ್ನಿಶಾಮಕ ದಳದವರು ತಮ್ಮ ದೋಣಿಯಲ್ಲಿ ಕಾದು ನಿಂತಿದ್ದರು. ಮೈಕಿನವನು ಮೂರು ಎಣಿಸಿದ. ತಮಟೆ ಒಮ್ಮೆಲೇ ಏರಿತು.

ಪೊಲೀಸರ ತೆಪ್ಪ ಬಾಣದಂತೆ ಹೊರಟಿತು. ಮೇಷ್ಟ್ರಮ್ಮಂದಿರದು ಹತ್ತು ಮಾರು ಹೋಗುವುದರೊಳಗೆ ಗಿರಗಿರನೆ ತಿರುಗತೊಡಗಿ, ಏರಿಯ ಮೇಲಿದ್ದ ಅವರ ಶಾಲೆಯ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾಗರತ್ನ ಯಾವ ಕಡೆಯೂ ನೋಡಲಿಲ್ಲ. ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗೆ ನೆಟ್ಟು ಎದೆಯ ಕಡೆಗೆ ಎಳೆದಳು. ಮೊದಲ ನಾಲ್ಕು ಎಳೆತಕ್ಕೆ ತೋಳು ಬಿಗಿದುಕೊಂಡಿತು. ಐದನೆಯದಕ್ಕೆ ಸಡಿಲವಾಯಿತು. ನೀರಿನ ವಾಸನೆ, ಬುಡದಲ್ಲಿ ಬಿದಿರು ಕಿರುಗುಟ್ಟುವ ಸದ್ದು, ಅಂಗೈಗೆ ಮರ ಒತ್ತುವ ಉರಿ, ಎಲ್ಲವೂ ಮೂವತ್ತು ವರ್ಷ ದಾಟಿ ಒಟ್ಟಿಗೇ ಮೈಗೆ ಬಂದವು. ಅವಳಿಗೆ ಕೂಗಬೇಕೆನ್ನಿಸಿತು.

"ಒಂದು," ಎಂದಳು. "ಎಳಿ," ಎಂದಳು ಬೆಟ್ಟಮ್ಮ. "ಒಂದು." "ಎಳಿ."

ಹಾಲಿನ ಸೊಸೈಟಿಯವರನ್ನು ಹಿಂದೆ ಹಾಕಿದರು. ಡ್ರಮ್ಮಿನ ಹತ್ತಿರ ಪೊಲೀಸರ ತೆಪ್ಪ ತಿರುವು ಸಿಗದೆ ಒದ್ದಾಡುತ್ತಿತ್ತು. ಅವರಿಬ್ಬರೂ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದರು. ಬೆಟ್ಟಮ್ಮನೂ ಹುಟ್ಟು ಅಡ್ಡ ಹಿಡಿದು ತಡೆಯಲು ಹೋದಳು.

"ತಡೀಬ್ಯಾಡ ಕಣಕ್ಕ, ತಿರುಗೋಕೆ ಬುಡು. ಅದೇ ತಿರುಗ್ತದೆ," ಎಂದಳು ನಾಗರತ್ನ. ತೆಪ್ಪ ತನ್ನ ಪಾಡಿಗೆ ಅರ್ಧ ಸುತ್ತು ತಿರುಗಿತು. ದಡ ಕಣ್ಣೆದುರಿಗೆ ಬಂದ ಕೂಡಲೇ, "ಈಗ ಎಳಿ," ಎಂದಳು.

ಈಗ ಅವರೇ ಮುಂದಿದ್ದರು. ಏರಿಯ ಮೇಲಿನ ಜನ ಎದ್ದು ನಿಂತರು. ಆ ಗದ್ದಲದ ನಡುವೆಯೂ ಒಂದು ಸೀಟಿ ಬೇರೆಯಾಗಿ ಕೇಳುತ್ತಿತ್ತು. ಸಿದ್ದರಾಜು ಟಿಕೆಟಿನ ಚೀಲವನ್ನು ಬೆನ್ನಿಗೆ ತಿರುಗಿಸಿಕೊಂಡು ಮಂಡಿಯುದ್ದ ನೀರಿಗಿಳಿದಿದ್ದ. "ರೈಟ್, ರೈಟ್, ರೈಟ್," ಎಂದು ಕೈ ಬೀಸುತ್ತ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಕಾಯಿಲೆ ಗೊತ್ತಾದ ದಿನದಿಂದ ಅವನು ಇಷ್ಟು ಜೋರಾಗಿ ಏನನ್ನೂ ಮಾಡಿದ್ದನ್ನು ನಾಗರತ್ನ ನೋಡಿರಲಿಲ್ಲ.

ದಡ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಬೆಟ್ಟಮ್ಮನ ಉಸಿರು ಹತ್ತಿತು. ಹುಟ್ಟಿಗೆ ಆಸರೆಯಾಗಿ ಹಿಡಿದಿದ್ದ ನಾಗರತ್ನಳ ಎಡತೋಳು ನೆನೆದ ಮೂಟೆಯಂತೆ ಭಾರವಾಯಿತು. ಪೊಲೀಸರ ತೆಪ್ಪ ಪಕ್ಕಕ್ಕೆ ಬಂತು, ಸಮಕ್ಕೆ ಬಂತು. ಕೊನೆಗೆ ಒಂದು ತೋಳಿನಷ್ಟು ಅಂತರದಲ್ಲಿ ಪೊಲೀಸರೇ ಮೊದಲು ದಡ ಮುಟ್ಟಿದರು. ಬೆಟ್ಟಮ್ಮ ಹುಟ್ಟನ್ನು ಬಿಸಾಕಿ, "ಲೇ, ಪೊಲೀಸ್ನೋರ ಮೇಲೆ ಒಂದು ಕಂಪ್ಲೇಂಟ್ ಕೊಡ್ಬೇಕು ಕಣೆ," ಎಂದು ನಗಲಾರಂಭಿಸಿದಳು. ಗೆದ್ದ ಹುಡುಗಿಯರಿಬ್ಬರೂ ಇಳಿದು ಬಂದು ಅವಳನ್ನು ಎತ್ತಿಕೊಂಡೇ ದಡಕ್ಕೆ ತಂದರು.

ಮೈಕಿನವನು ಓಡಿಬಂದ. "ಈ ತೆಪ್ಪದ ಇನ್ನೊಬ್ಬ ತಾಯಿಯ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ. ಅವರೇ ಹೇಳಬೇಕು."

ನಾಗರತ್ನ ಮೈಕು ಹಿಡಿದಳು. ಮೊದಲ ಸಾಲಿನ ಹಸಿರು ಅಂಚು ಕಣ್ಣಿಗೆ ಬಿತ್ತು. ಎದೆ ಇನ್ನೂ ಡವಗುಟ್ಟುತ್ತಿತ್ತು. ಆ ಏದುಸಿರಿನಲ್ಲೇ ಮಾತು ಬಂದುಬಿಟ್ಟಿತು.

"ನಾನು ನಾಗರತ್ನ, ಹಲಗೂರು. ಎರಡು ವರ್ಸದ ಹಿಂದೆ ನಂಗೆ ಎಡಗಡೆ ಎದೆ ತೆಗುದ್ರು. ಗರ್ಭಕೋಸ ಅಂತ ಊರ್ಗೆಲ್ಲ ಸುಳ್ಳೇಳಿದ್ದೆ. ಈಗ ಆರಾಮಾಗಿವ್ನಿ, ನೀವೇ ನೋಡುದ್ರಲ್ಲ. ವ್ಯಾನಿಗೆ ದುಡ್ಡು ಕೊಡಿ."

ತಮಟೆಯವನೊಬ್ಬ ಒಂದೇ ಒಂದು ಏಟು ಹಾಕಿದ. ಅದರ ಹಿಂದೆ ಜನರ ಚಪ್ಪಾಳೆ, ಕೇಕೆ, ಸೀಟಿ ಎಲ್ಲ ಸೇರಿ ಕೆರೆಯ ಮೇಲಿನ ಹಕ್ಕಿಗಳು ಗುಂಪಾಗಿ ಎದ್ದವು. ರೂಪ ಹಿಡಿದಿದ್ದ ಡಬ್ಬಿಯ ಸುತ್ತ ಜನ ಮುಗಿಬಿದ್ದರು. ಯಾರೋ ಹೆಂಗಸು ಬಳೆಯನ್ನೇ ಬಿಚ್ಚಿ ಹಾಕಿದಳು. ಗುಲಾಬಿ ಪರದೆಯ ಡೇರೆಯ ಮುಂದೆ, ಬೆಳಗ್ಗೆಯಿಂದ ಯಾರೂ ಸುಳಿಯದೆ ಇದ್ದ ಕಡೆ, ಏಳೆಂಟು ಮಂದಿ ಸಾಲು ನಿಂತರು.

ಓಟದ ನಂತರ ನೂರು ರೂಪಾಯಿ ಕೊಟ್ಟವರನ್ನು ತೆಪ್ಪದಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುವುದೆಂದಿತ್ತು. ನಾಗರತ್ನ ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದಾಗ ಚಿಕ್ಕಮಾದಮ್ಮ ಬಂದು ಎದುರಿಗೆ ನಿಂತರು. ಕೈಯಲ್ಲಿ ಟಿಕೆಟಿತ್ತು. ಮುಖದಲ್ಲಿ ನಗುವಿರಲಿಲ್ಲ.

"ನಾನೂ ಒಂದು ಸುತ್ತು ಬತ್ತೀನಿ," ಎಂದರು. "ಈಯಮ್ಮನೇ ಹುಟ್ಟು ಹಾಕ್ಬೇಕು. ಬ್ಯಾರೆ ಯಾರೂ ಹತ್ಬಾರ್ದು."

ಸಿದ್ದರಾಜು ದೂರದಿಂದ ನೋಡುತ್ತಿದ್ದ. ನಾಗರತ್ನ ಅವರ ಕೈ ಹಿಡಿದು ಕೂರಿಸಿ, ಜಾಕೆಟ್ಟು ತೊಡಿಸಿ, ತೆಪ್ಪವನ್ನು ನೀರಿಗೆ ತಳ್ಳಿದಳು. ದಡದ ಸದ್ದು ಹಿಂದೆ ಸರಿಯುತ್ತ ಹೋಯಿತು. ಮದುವೆಯ ಮಾತು ಮುರಿಯುವವರು ಜನರೆದುರಿಗೆ ಮುರಿಯಬಾರದೆಂದು ಇಲ್ಲಿಗೆ ಕರೆದರಲ್ಲ, ಅಷ್ಟು ಮಟ್ಟಿಗೆ ದೊಡ್ಡವರು ಎಂದುಕೊಂಡಳು.

"ಇಲ್ಲೇ ನಿಲ್ಸಿ," ಎಂದರು ಚಿಕ್ಕಮಾದಮ್ಮ. "ನಮ್ಗೆ ಯಾಕೆ ಏಳ್ಲಿಲ್ಲ?"

"ಏಳಿದ್ರೆ ಬತ್ತಿದ್ರಾ ಅಕ್ಕ?"

"ಗೊತ್ತಿಲ್ಲ," ಎಂದರು ಚಿಕ್ಕಮಾದಮ್ಮ. ನೀರನ್ನು ನೋಡಿದರು. ಆಮೇಲೆ ಕೇಳಿದರು. "ಮೊದ್ಲು ನೋವಿತ್ತಾ? ಗೊತ್ತಾಗೋಕೆ ಮುಂಚೆ?"

"ಇಲ್ಲ. ನೋವಿರ್ಲಿಲ್ಲ ಅಂತ್ಲೇ ಎಂಟು ತಿಂಗ್ಳು ಸುಮ್ನಿದ್ದೆ."

ಚಿಕ್ಕಮಾದಮ್ಮ ದಡಕ್ಕೆ ಬೆನ್ನು ಮಾಡಿ ಕೂತರು. ಜಾಕೆಟ್ಟಿನ ಪಟ್ಟಿ ಸಡಿಲಿಸಿದರು. ನಾಗರತ್ನಳ ಒದ್ದೆ ಕೈಯನ್ನು ಹಿಡಿದು ಸೆರಗಿನೊಳಗೆ, ಬಲಗಂಕುಳಿನ ಕೆಳಗೆ ಇಟ್ಟುಕೊಂಡರು. "ಇಲ್ಲಿ ನೋಡಿ."

ಬೆರಳಿಗೆ ಬಲಿತ ಅವರೆಕಾಳಿನಂಥದ್ದು ಸಿಕ್ಕಿತು. ಒತ್ತಿದರೂ ಅಲುಗಲಿಲ್ಲ.

"ಎಷ್ಟು ದಿನ್ವಾಯ್ತು?"

"ಯುಗಾದಿ ಆದ್ಮೇಲೆ. ಯಾರ್ಗೂ ಏಳಿಲ್ಲ. ರಘುಗೂ ಏಳಿಲ್ಲ. ಮದ್ವೆ ಆಗೋಗ್ಲಿ, ಎಣ್ಣು ಕೊಡೋರು ಏನಂದ್ಕತಾರೋ ಅಂತ," ಎಂದವರು ಸೆರಗು ಬಾಯಿಗೆ ಒತ್ತಿಕೊಂಡರು.

ನಾಗರತ್ನ ಅವರ ಬೆನ್ನು ಸವರಿದಳು. "ಎಲ್ಲ ಗಂಟೂ ಅದೇ ಆಗಕಿಲ್ಲ. ಅದೇ ಆಗಿದ್ರೂ ನಾನಿಲ್ವಾ, ಬೆಟ್ಟಮ್ಮ ಇಲ್ವಾ? ಡಾಕ್ಟ್ರಮ್ಮ ಮೂರು ಗಂಟೆಗಂಟ ಇರ್ತಾರೆ. ಈಗ್ಲೇ ಓಗಿ ತೋರ್ಸಿಬುಡವ."

"ಜನ ನೋಡ್ತಾರೆ."

"ನೋಡ್ಲಿ ಬುಡಿ. ನಾನೂ ನಿಮ್ ಜೊತೆ ಸಾಲಿನಾಗೆ ನಿಂತ್ಕತೀನಿ."

ಪಟ್ಟಿಯನ್ನು ಮತ್ತೆ ಬಿಗಿದು ನಾಗರತ್ನ ಹುಟ್ಟು ತೆಗೆದುಕೊಂಡಳು. ಎರಡು ಸಲ ಎಳೆದಳು. ಎಡತೋಳು ಸೋತು ಕೆಳಗೆ ಬಿತ್ತು. ಸುಧಾರಿಸಿಕೊಳ್ಳುತ್ತೇನೆ ಎಂದು ಅವಳು ಹೇಳುವ ಮೊದಲೇ ಚಿಕ್ಕಮಾದಮ್ಮ ಮುಂದಕ್ಕೆ ಸರಿದು ಬೆಟ್ಟಮ್ಮನ ಜಾಗದಲ್ಲಿ ಮಂಡಿಯೂರಿ, ಅಲ್ಲಿ ಬಿದ್ದಿದ್ದ ಇನ್ನೊಂದು ಹುಟ್ಟನ್ನು ಎತ್ತಿಕೊಂಡರು. ತಲೆಕೆಳಗಾಗಿ ಹಿಡಿದಿದ್ದರು. ನಾಗರತ್ನ ಅದನ್ನು ತಿರುಗಿಸಿ ಅವರ ಅಂಗೈಗೆ ಸರಿಯಾಗಿ ಇಟ್ಟಳು.

"ಎಂಗೆ?" ಎಂದರು ಚಿಕ್ಕಮಾದಮ್ಮ.

"ನೀರ್ನ ನಿಮ್ ಕಡೀಕೆ ಎಳ್ಕಳಿ."

ಹಸಿರು ಅಂಚಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಎಳೆದರು. ನೀರು ಚಿಮ್ಮಿ ಇಬ್ಬರ ಮುಖಕ್ಕೂ ಬಿತ್ತು. ತೆಪ್ಪ ಸೊಟ್ಟಗೆ, ಗುಲಾಬಿ ಪರದೆಯ ಕಡೆಗೆ ಹೊರಟಿತು.