ಏಳನೆಯ ಕತ್ತಿ

ಅಜ್ಜಿಯ ಕತೆಯೊಂದರಲ್ಲಿ ಏಳು ಜನ ಅಣ್ಣತಮ್ಮಂದಿರಿದ್ದರು. ಆರು ಜನ ದಿನಕ್ಕೊಬ್ಬರಂತೆ ದುಡಿಯಲು ಹೋಗುತ್ತಿದ್ದರು. ಏಳನೆಯವನು ಶುದ್ಧ ಸೋಮಾರಿ, ಹೊಸ್ತಿಲು ದಾಟುತ್ತಿರಲಿಲ್ಲ. ಆದರೂ ಏಳು ಜೊತೆ ಚಪ್ಪಲಿಗಳಲ್ಲಿ ಮೊದಲು ಸವೆಯುತ್ತಿದ್ದದ್ದು ಅವನದೇ. "ಯಾಕಜ್ಜಿ?" ಎಂದು ಕೇಳಿದಾಗಲೆಲ್ಲ "ಈಗ ಮಲಗು, ನಾಳೆ ಹೇಳ್ತೀನಿ" ಎನ್ನುತ್ತಿದ್ದಳು. ಇಪ್ಪತ್ತು ವರ್ಷವಾದರೂ ಆ ನಾಳೆ ಬಂದಿರಲಿಲ್ಲ. ಅಷ್ಟರಲ್ಲಿ ನಾನೇ ಹತ್ತಾರು ಕಾರಣ ಕಟ್ಟಿಕೊಂಡಿದ್ದೆ. ಅವನು ಯಾರಿಗೂ ಕಾಣದ ಹಾಗೆ ಚಂದ್ರನ ತನಕ ನಡೆದು ಬರುತ್ತಾನೆ ಎಂಬುದು ನನಗೆ ಬಲು ಇಷ್ಟವಾಗಿತ್ತು.

ಕತೆ ಕೇಳಿದ ಕೋಣೆಗೂ ಚಿಕ್ಕಪ್ಪನ ಕ್ಷೌರದ ಅಂಗಡಿಗೂ ನಡುವೆ ಒಂದೇ ಗೋಡೆ, ಅದಕ್ಕೊಂದು ಬಾಗಿಲು. ಅಂಗಡಿಯಲ್ಲಿ ಮೂರು ಕುರ್ಚಿ. ಒಂದು ಚಿಕ್ಕಪ್ಪನ ಕೆಲಸಕ್ಕೆ, ಒಂದು ಕಾಯುವವರಿಗೆ, ಮೂರನೆಯದು ಹಳೇ ಪೇಪರು ಮತ್ತು ಒಗೆದ ಟವೆಲುಗಳಿಗೆ. ಆ ಮೂರನೆಯ ಕುರ್ಚಿ ನನಗೆ ಬೇಕಿತ್ತು. ಬಿದ್ದ ಕೂದಲು ಗುಡಿಸಲು ನಾನು ಆಗುತ್ತಿದ್ದೆ, ಬೀಳಿಸಲು ಆಗುತ್ತಿರಲಿಲ್ಲ.

"ಹೆಣ್ಣುಮಗಳು, ಅದರ ಮೇಲೆ ಎಡಚಿ" ಎಂದು ಚಿಕ್ಕಪ್ಪ ಗಿರಾಕಿಗಳ ಎದುರಿಗೇ ನಗುತ್ತಿದ್ದ. "ಇವಳ ಕೈಗೆ ಕತ್ತಿ ಕೊಟ್ರೆ ಜನ ಅರ್ಧ ಗಡ್ಡದಲ್ಲೇ ಎದ್ದು ಓಡ್ತಾರೆ."

ಎಡಗೈ ನನಗೆ ಅಜ್ಜಿಯಿಂದ ಬಂದದ್ದು. ಮನೆಯಲ್ಲಿ ನಾವಿಬ್ಬರೇ ಹಾಗೆ.

ಅಟ್ಟ ಗುಡಿಸುವಾಗ, ಮೊದಲು ಈ ಅಂಗಡಿ ನಡೆಸುತ್ತಿದ್ದ ಅಜ್ಜನ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಕೊಂಬಿನ ಹಿಡಿಯ ಏಳು ಮಡಚುಗತ್ತಿಗಳು. ತುಕ್ಕು ತಿಂದು ಒಂದೂ ಬಿಚ್ಚುವಂತಿರಲಿಲ್ಲ. ಹಿಡಿಗಳ ಮೇಲೆ ಅಜ್ಜ ಒಂದರಿಂದ ಏಳರವರೆಗೆ ಅಂಕಿ ಗೀಚಿದ್ದ. ದಿನಕ್ಕೊಂದು ಕತ್ತಿ, ಒಂದು ದಿನ ದುಡಿದ ಅಲಗಿಗೆ ಆರು ದಿನ ವಿಶ್ರಾಂತಿ ಎಂಬುದು ಅವನ ಲೆಕ್ಕವಂತೆ. ಏಳನೆಯದು ಅಂಗಡಿಯ ರಜೆಯ ದಿನದ್ದು. ಅದಕ್ಕೆ ಕೆಲಸವೇ ಇರಲಿಲ್ಲ.

"ಗುಜರಿಗೆ ಹಾಕು" ಎಂದ ಚಿಕ್ಕಪ್ಪ.

"ನಾನು ಸರಿ ಮಾಡ್ತೀನಿ."

ಪಕ್ಕದಂಗಡಿಯ ಟೈಲರ್ ಮಾಮ ಪೇಪರಿನ ಹಿಂದಿನಿಂದ ತಲೆ ಎತ್ತಿದ. "ಮಾಡಿದ್ರೆ ಏನು ಕೊಡ್ತೀಯಯ್ಯಾ?"

"ಏಳನ್ನೂ ಹರಿತ ಮಾಡ್ಲಿ, ಆ ಮೂರನೇ ಕುರ್ಚಿ ಇವಳದೇ!" ಎಂದು ಚಿಕ್ಕಪ್ಪ ಗಹಗಹಿಸಿದ. ನಾನು ನಗಲಿಲ್ಲ. ಟೈಲರ್ ಮಾಮನೂ ನಗಲಿಲ್ಲ, ಸಾಕ್ಷಿಯಾದ.

ಒಂಬತ್ತು ದಿನ ಕತ್ತಿಗಳು ಎಣ್ಣೆಯಲ್ಲಿ ನೆನೆದವು. ಹತ್ತನೆಯ ದಿನ ಮೊದಲನೆಯದು ಕಿರ್ರೆಂದು ಬಾಯಿ ಬಿಟ್ಟಿತು. ಬೆಂಡಿನ ಚೂರಿಗೆ ನುಣ್ಣನೆಯ ಉಪ್ಪುಕಾಗದ ಸುತ್ತಿ, ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ, ಉದ್ದುದ್ದಕ್ಕೆ ಉಜ್ಜಿದೆ. ಕೀಲಿನ ಸಂದಿಯಲ್ಲಿ ಎಣ್ಣೆದಾರ ಎಳೆದೆ. ಉಗುರೊಳಗೆಲ್ಲ ತುಕ್ಕಿನ ಕೆಂಪು. ನೀರು ಕುಡಿಯಲು ಲೋಟ ಎತ್ತಿದರೂ ಕಬ್ಬಿಣದ ವಾಸನೆ.

"ಸಾಣೆ ಚಕ್ರಕ್ಕೆ ಹಿಡಿದ್ರೆ ಐದು ನಿಮಿಷದ ಕೆಲಸ" ಎಂದು ಚಿಕ್ಕಪ್ಪ ಹೋಗುತ್ತಾ ಬರುತ್ತಾ ಚುಚ್ಚುತ್ತಿದ್ದ.

"ಚಕ್ರದ ಬಿಸಿಗೆ ಉಕ್ಕಿನ ಹದ ಹೋಗುತ್ತೆ. ಆಮೇಲೆ ಅದು ಹೊಳೆಯುತ್ತೆ ಅಷ್ಟೇ, ಕೊಯ್ಯಲ್ಲ."

"ಓಹೋ, ನನಗೇ ಪಾಠ!"

ತುಕ್ಕು ಹೋದ ಮೇಲೆ ಅಲಗಿನ ಬುಡದಲ್ಲಿ, ಒಂದೇ ಬದಿಗೆ, ಹೆಬ್ಬೆರಳಗಲದ ನುಣುಪಾದ ಗುಳಿ ಕಂಡಿತು. ಅಲ್ಲಿ ತಯಾರಕರ ಗುರುತಿನ ಮೀನು ಇದ್ದಿರಬೇಕು. ವರ್ಷಗಟ್ಟಲೆ ಅಜ್ಜನ ಹೆಬ್ಬೆರಳು ಕೂತು ಕೂತು ಬರೀ ಬಾಲ ಉಳಿದಿತ್ತು. ಆರರಲ್ಲೂ ಹಾಗೆಯೇ.

ಏಳನೆಯದನ್ನು ಕೊನೆಗಿಟ್ಟುಕೊಂಡಿದ್ದೆ. ದುಡಿಯದ ಕತ್ತಿ, ಹೊಸದರಂತೆ ಅಗಲವಾಗಿರುತ್ತದೆ ಎಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಉಳಿದವುಗಳ ಅರ್ಧದಷ್ಟೂ ಇಲ್ಲ. ಮಸೆದು ಮಸೆದು ಕಡ್ಡಿಯಾಗಿದೆ. ಅಂಕಿ ತಪ್ಪಿರಬೇಕೆಂದು ಮತ್ತೆ ನೋಡಿದೆ. ಏಳೇ. ಬುಡವನ್ನು ಉಜ್ಜಿದೆ. ಮೀನು ಇಡಿಯಾಗಿ ಮೇಲೆದ್ದು ಬಂತು, ಕಣ್ಣು, ಈಜುರೆಕ್ಕೆ, ಎಣಿಸಬಹುದಾದ ಹುರುಪೆ. ತಿರುಗಿಸಿದೆ. ಹೆಬ್ಬೆರಳಿನ ಗುಳಿ ಆಚೆ ಬದಿಯಲ್ಲಿತ್ತು.

ಬಲಗೈಯಲ್ಲಿ ಹಿಡಿದೆ, ಹೆಬ್ಬೆರಳು ಮೀನಿನ ಮೇಲೆ ಬಂತು. ಎಡಗೈಗೆ ಬದಲಿಸಿದೆ. ಬೆರಳು ತಾನಾಗಿ ಗುಳಿಯೊಳಗೆ ಹೋಗಿ ಕೂತಿತು.

ಅಜ್ಜಿಯ ಕತೆಯ ಏಳನೆಯವನು ನೆನಪಾದ. ಸವೆದ ಚಪ್ಪಲಿಗಳು ಕಣ್ಣ ಮುಂದೆ ನಡೆದಾಡುತ್ತಿದ್ದವು.

ಮರುದಿನ ಬೆಳಿಗ್ಗೆ ಕಲ್ಲಿನಲ್ಲಿ ಮಸೆದು, ತೊಗಲಿನ ಪಟ್ಟಿಗೆ ಎಳೆದ ಏಳೂ ಕತ್ತಿಗಳನ್ನು ಚಿಕ್ಕಪ್ಪನ ಕನ್ನಡಿಯ ಮುಂದೆ ಬಿಳಿ ಟವೆಲಿನ ಮೇಲೆ ಸಾಲಾಗಿಟ್ಟೆ. ಅವನು ತನ್ನ ತಲೆಯ ಕೂದಲನ್ನೇ ಕಿತ್ತು ಒಂದೊಂದಕ್ಕೂ ಸೋಕಿಸಿ ನೋಡಿದ. ಏಳು ಕೂದಲೂ ಎರಡೆರಡು ತುಂಡಾದವು.

"ಇರೋದೇ ಅಷ್ಟು, ಜೋಪಾನ" ಎಂದ ಟೈಲರ್ ಮಾಮ.

"ಸರಿ, ಚೆನ್ನಾಗಿ ತೊಳೆದಿದೀಯ" ಎಂದ ಚಿಕ್ಕಪ್ಪ. "ಆದ್ರೆ ಕುರ್ಚಿ ಮಾತು ತಮಾಷೆಗೆ ಅಂದದ್ದು ಕಣೇ. ಪಾತ್ರೆ ಬೆಳಗಿದ್ದಕ್ಕೆ ಅಡುಗೆಭಟ್ಟರು ಅನ್ನೋಕಾಗುತ್ತಾ? ನಮ್ಮ ಮನೇಲಿ ಹೆಂಗಸರು ಕತ್ತಿ ಹಿಡಿದದ್ದೇ ಇಲ್ಲ."

"ಏಳನೇದನ್ನ ಕೈಗೆ ತಗೋ ಚಿಕ್ಕಪ್ಪ."

ತೆಗೆದುಕೊಂಡ. ಅವನ ಹೆಬ್ಬೆರಳು ನೆಲೆ ಸಿಗದೆ ಜಾರಾಡಿತು.

"ಈಗ ಎಡಗೈಲಿ. ಕೆಲಸವಿಲ್ಲದ ಕತ್ತಿ ಇಷ್ಟು ಯಾಕೆ ಸವೆದಿದೆ, ಹೇಳು. ಈ ಮನೇಲಿ ನಾನು ಬಿಟ್ರೆ ಎಡಚಿ ಯಾರು, ಅದನ್ನೂ ಹೇಳು."

ಚಿಕ್ಕಪ್ಪ ಕತ್ತಿಯನ್ನು ಎಡಗೈಗೆ ಬದಲಿಸಿದ, ಹೆಬ್ಬೆರಳು ಗುಳಿಗೆ ಇಳಿಯಿತು. ಉತ್ತರ ಕೊಟ್ಟದ್ದು ಟೈಲರ್ ಮಾಮ.

"ಅಲ್ಲ ಕಣಯ್ಯಾ, ನಮ್ಮಪ್ಪ ಹಾಸಿಗೆ ಹಿಡಿದಿದ್ದಾಗ ನಿಮ್ಮಮ್ಮ ತಾನೆ ಗಡ್ಡ ತೆಗೆಯೋಕೆ ಬರ್ತಿದ್ದದ್ದು? ಪ್ರತಿ ರಜೆಗೂ. ಬುಟ್ಟೀಲಿ ಮೇಲೆ ಸೊಪ್ಪು, ಅಡೀಲಿ ಕತ್ತಿ, ಬ್ರಷ್ಷು. ನಮ್ಮ ಬೀದೀಲೇ ನಾಲ್ಕು ಮನೆಗೆ ಹೋಗ್ತಿದ್ರು, ಒಂದೊಂದು ಮನೇಲೂ ಜಗುಲಿ ಕಲ್ಲಿಗೆ ಕತ್ತಿ ಮಸೆದೇ ಶುರು ಮಾಡ್ತಿದ್ರು. ನಿಮ್ಮಪ್ಪನೇ ಕಳಿಸ್ತಿದ್ರು ಅಂದ್ಕೊಂಡಿದ್ದೆ."

"ಅವರೆಲ್ಲಿ ಕಳಿಸ್ತಾರೆ" ಎಂದಳು ಅಜ್ಜಿ.

ಯಾವಾಗಲೋ ಒಳಬಾಗಿಲಿಗೆ ಬಂದು ನಿಂತಿದ್ದಳು. "ಅಂಗಡಿಗೆ ಬರಲಾಗದವನಿಗೆ ಗಡ್ಡದ ಶೋಕಿ ಯಾಕೆ ಅಂತಿದ್ರು. ಮಲಗಿದವರಿಗೂ ಮುಖ ಇರುತ್ತಲ್ಲ."

"ಅಮ್ಮಾ, ನನಗೊಂದು ಮಾತು ಹೇಳ್ಲಿಲ್ಲ..."

"ಹೇಳಿದ್ದಿದ್ರೆ ನೀನೂ ನಿಮ್ಮಪ್ಪನ ಥರಾನೇ ಬೇಡ ಅಂತಿದ್ದೆ. ಈಗ ಅಂತಿದೀಯಲ್ಲ, ಹಾಗೆ."

ನಾನು ಅಷ್ಟರಲ್ಲಿ ಮೂರನೆಯ ಕುರ್ಚಿಯ ಪೇಪರುಗಳನ್ನೆತ್ತಿ ನೆಲಕ್ಕೆ ಹಾಕಿದ್ದೆ. ಟವೆಲುಗಳನ್ನು ಚಿಕ್ಕಪ್ಪನ ತೋಳಿಗೇ ಕೊಟ್ಟೆ. ಕನ್ನಡಿಯ ಎಡಬದಿಗೆ ಒಂದು ಮೊಳೆ ಹೊಡೆದು ತೊಗಲಿನ ಪಟ್ಟಿ ನೇತುಹಾಕಿದೆ. ಸುತ್ತಿಗೆಯ ಸದ್ದಿಗೆ ಅವನು ಬೆಚ್ಚಿದನೇ ಹೊರತು ತಡೆಯಲಿಲ್ಲ.

"ಕುರ್ಚಿ ಖಾಲಿ ಮಾಡಿದೆ ಸರಿ, ಕೂರೋರು ಯಾರು?" ಎಂದು ಕೊನೆಯ ಬಾಣ ಬಿಟ್ಟ.

ಅಜ್ಜಿ ಗೋಡೆ ಹಿಡಿದು ಬಂದು ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ಗಲ್ಲ ಮೇಲೆತ್ತಿ, "ಇಲ್ಲಿ ಐದಾರು ಕೂದಲು ಬೆಳೆದಿದಾವೆ, ಉಣ್ಣುವಾಗೆಲ್ಲ ಚುಚ್ಚುತ್ತವೆ. ತೆಗಿ" ಎಂದಳು.

ಟೈಲರ್ ಮಾಮ ಪೇಪರು ಮಡಚಿಟ್ಟು ಮೂರು ದಿನದ ಗಡ್ಡ ಕೆರೆದುಕೊಂಡ. "ಆಮೇಲಿನ ಸರದಿ ನಂದು."

"ಕೊಯ್ಯಿಸ್ಕೊಂಡ್ರೆ ನನ್ನ ಹತ್ರ ಬರಬೇಡ" ಎಂದ ಚಿಕ್ಕಪ್ಪ. ಆದರೂ ಬಿಸಿನೀರಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿದ. ಬಲಬದಿಗೆ ಸರಿಸಿದ. ನಾನೇ ಎತ್ತಿ ಎಡಕ್ಕಿಟ್ಟುಕೊಂಡೆ.

ಅಜ್ಜಿಯ ಗಲ್ಲಕ್ಕೆ ನೊರೆ ಹಚ್ಚಿದೆ. ಏಳನೆಯ ಕತ್ತಿ ಬಿಚ್ಚಿದೆ.

"ಅಜ್ಜಿ, ಆ ಏಳನೆಯವನ ಚಪ್ಪಲಿ..."

"ಬಾಯಿ ಆಡಿಸಬೇಡ" ಎಂದಳು, ಕಣ್ಣು ಮುಚ್ಚಿಕೊಂಡೇ. "ಕೈ ಆಡಿಸು."