ಬಲಸೊಂಟದ ಚುಕ್ಕೆ

ಸಂಜೆ ಐದೂಹತ್ತು. ಚಿಕ್ಕವೆಂಕಟಮ್ಮನ ಸ್ಕ್ಯಾನಿಂಗ್ ಫಿಲ್ಮಿನಲ್ಲಿ ಬಲಸೊಂಟದ ಮೂಳೆಯ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು.

ರಾಬರ್ಟ್‌ಸನ್‌ಪೇಟೆಯ ತಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪೆರುಮಾಳ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. 1988ರ ಜುಲೈ, ಮಂಗಳವಾರ. ಫಿಲ್ಮು ಹಿಂದಿನ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆದದ್ದು. ಜೊತೆಗಿದ್ದ ವರದಿ ಎರಡೇ ಸಾಲಿನದು: ಎದೆಯ ಕ್ಯಾನ್ಸರ್ ಮೂಳೆಗೆ ಹರಡಿರುವ ಶಂಕೆ, ಮುಂದಿನ ಸೋಮವಾರದ ಆಪರೇಷನ್ ಸದ್ಯಕ್ಕೆ ಬೇಡ. ಹರಡಿದ್ದು ನಿಜವಾದರೆ ಗಡ್ಡೆ ತೆಗೆದು ಗುಣಪಡಿಸುವ ಮಾತೇ ಇರಲಿಲ್ಲ.

"ಇಲ್ಲಿ ನೋಯುತ್ತಾ ಅಮ್ಮಾ?" ಡಾಕ್ಟರು ಆಕೆಯ ಸೊಂಟ ಒತ್ತಿದರು.

"ಇಲ್ಲ ಸಾಮಿ. ದಿನಾ ಸೊಪ್ಪಿನ ಮೂಟೆ ಒರ್ತೀನಿ, ಒಂದಿನಾನೂ ನೊಂದಿಲ್ಲ."

ಪೆರುಮಾಳ್ ಫಿಲ್ಮನ್ನು ಮತ್ತೆ ಎತ್ತಿದರು. ಬೇರೆಲ್ಲೂ ಚುಕ್ಕೆಯಿಲ್ಲ. ಇದ್ದ ಒಂದು, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ದಾರಿಯಲ್ಲೇ ಇತ್ತು. ಸ್ಕ್ಯಾನಿಂಗಿಗೆ ಮುಂಚೆ ಚುಚ್ಚುವ ಮದ್ದಿನಲ್ಲಿ ಒಂದು ಪಾಲು ಮೂಳೆಗೆ ಹಿಡಿಯುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಫಿಲ್ಮಿನಲ್ಲಿ ಎರಡೂ ಕಪ್ಪೇ.

"ಸೂಜಿ ಹಾಕಿದ ಮೇಲೆ ನೀರು ಕುಡಿಯೋಕೆ ಹೇಳಿದ್ರಾ?"

"ಆರು ಲೋಟ ಅಂದ್ರು."

"ಕುಡಿದ್ರಾ?"

"ಊಂ."

ಬೆಂಚಿನ ಮೇಲಿದ್ದ ನಾದಿನಿ ಅನಸೂಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವ್ಯಾಕಮ್ಮಾ ನಗ್ತೀರಿ?"

"ಕುಡ್ದಿದ್ದು ನಾನು ಸಾಮಿ! ನರ್ಸಮ್ಮ ಬಂದು ಜಗ್ಗು ನೋಡ್ತಾಳೆ, ನೀನೇ ಖಾಲಿ ಮಾಡೇ ಅಂದ್ಲು ಅತ್ತಿಗೆ. ಆರು ಲೋಟಾನೂ ಇಳ್ಸಿದೆ. ಬಂಗಾರಪೇಟೆ ಬರೋಗಂಟ ಆ ರೈಲ್ನಾಗೆ ನನ್ ಪಾಡು ಯಾರಿಗ್ ಏಳ್ಲಿ!"

"ಬಾಯ್ಮುಚ್ಚೇ, ಬಾಯಿಬಡುಕಿ," ಎಂದಳು ಚಿಕ್ಕವೆಂಕಟಮ್ಮ.

ಆಕೆಗೆ ನಲವತ್ತಾರು ವರ್ಷ. ಇಪ್ಪತ್ತು ವರ್ಷಗಳಿಂದ ಕ್ಯಾಸಂಬಳ್ಳಿಯ ಮೊದಲ ಬಸ್ಸಿಗೆ ಬಂದು ಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಆಕೆ ಕೂರುವ ಕಡೆ ಹೆಂಗಸರು ಮೂತ್ರಕ್ಕೆ ಹೋಗಲು ಜಾಗವಿರಲಿಲ್ಲ. ಮನೆ ಬಿಟ್ಟ ಮೇಲೆ ಮನೆ ಸೇರುವವರೆಗೆ ಗುಟುಕು ನೀರೂ ಕುಡಿಯದಿರುವುದು ಸೊಪ್ಪಿನ ಸಾಲಿನ ಹೆಂಗಸರ ರೂಢಿ. ಆಸ್ಪತ್ರೆಗೂ ಹಾಗೆಯೇ ಹೋಗಿದ್ದಳು.

"ಅಷ್ಟು ನೀರು ಕುಡ್ದು ಎಲ್ಲಿಗೋಗ್ಲಿ ಸಾಮಿ?"

ಪೆರುಮಾಳ್ ಕುರ್ಚಿ ಮುಂದಕ್ಕೆಳೆದುಕೊಂಡರು. "ನೋಡಮ್ಮಾ, ಈ ಚುಕ್ಕೆ ರೋಗವೂ ಇರಬಹುದು, ನಾಳದಲ್ಲಿ ನಿಂತ ಮೂತ್ರವೂ ಇರಬಹುದು. ಮೂತ್ರ ಆದ್ರೆ ಜಾಗ ಬಿಡುತ್ತೆ. ರೋಗ ಆದ್ರೆ ಬಿಡಲ್ಲ."

"ಅದನ್ನ ಬಿಡ್ಸೋದು ಎಂಗೆ?"

"ಮೂತ್ರ ಇಳಿಸೋ ಇಂಜೆಕ್ಷನ್ ಇದೆ. ಕಾಲು ಊದಿದವರಿಗೆ ನಾನೇ ಹಾಕ್ತೀನಲ್ಲ, ಅದೇ."

ಬೆಂಗಳೂರಿನ ಡಾಕ್ಟರಿಗೆ ಅವರು ಅರ್ಧ ಪುಟದ ಕಾಗದ ಬರೆದರು: ರೋಗಿ ನೀರು ಕುಡಿದಿರಲಿಲ್ಲ, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಚುಕ್ಕೆ ಕಂಡರೆ ಮೂತ್ರ ಇಳಿಸುವ ಇಂಜೆಕ್ಷನ್ ಕೊಟ್ಟು ಅದೇ ಜಾಗದ ಚಿತ್ರ ಇನ್ನೊಮ್ಮೆ ತೆಗೆಯಿರಿ.

ಶುಕ್ರವಾರ ಇಬ್ಬರೂ ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿದರು. ಆಸ್ಪತ್ರೆಯಲ್ಲಿ ಹೊಸದಾಗಿ ಮದ್ದು ಚುಚ್ಚಿದರು. ಅನಸೂಯಮ್ಮ ಜಗ್ಗಿನ ಪಕ್ಕ ಕಾವಲು ಕೂತಳು.

"ಇವತ್ತು ನಾನ್ ಮುಟ್ಟಲ್ಲ. ಕುಡಿ ಅತ್ತಿಗೆ."

"ನಿಮ್ಮಣ್ಣಾನೂ ನನ್ನ ಇಷ್ಟು ಗೋಳಾಡ್ಸಿಲ್ಲ ಕಣೇ," ಎನ್ನುತ್ತ ಚಿಕ್ಕವೆಂಕಟಮ್ಮ ಆರನೆಯ ಲೋಟವನ್ನೂ ಮುಗಿಸಿದಳು.

ಒಂದೂವರೆಗೆ ಮೊದಲ ಚಿತ್ರ ಬಂತು. ಬಲಸೊಂಟದಲ್ಲಿ ಚುಕ್ಕೆ ಹಾಗೆಯೇ ಇತ್ತು. "ಐತಾ?" ಎಂದು ಆಕೆ ಮಲಗಿದಲ್ಲಿಂದಲೇ ಕೇಳಿದಳು. ಅಲ್ಲಿನ ಡಾಕ್ಟರು ಇದೆ ಎಂದರು. ಅನಸೂಯಮ್ಮ ಗೋಡೆಗೆ ಒರಗಿ ನಿಂತಳು.

ಒಂದೂ ನಲವತ್ತಕ್ಕೆ ತೋಳಿಗೆ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷಕ್ಕೆ ಆಕೆ ಎದ್ದು ಶೌಚಾಲಯಕ್ಕೆ ಓಡಿದಳು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಲ. ನಾಲ್ಕು ಸಲವೂ ನಾದಿನಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಎರಡೂವರೆಗೆ ಎರಡನೆಯ ಚಿತ್ರ. ಡಾಕ್ಟರು ಎರಡು ಫಿಲ್ಮುಗಳನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಮೂಳೆಯೆಲ್ಲ ಮೊದಲಿನಂತೆಯೇ ಇತ್ತು, ಚುಕ್ಕೆ ಇರಲಿಲ್ಲ. ಚಿಕ್ಕವೆಂಕಟಮ್ಮ ಹತ್ತಿರ ಹೋಗಿ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿದ್ದಿದ್ದು ಎಲ್ಲಿಗೋಯ್ತು?"

"ನೀವೇ ಬಿಟ್ಟು ಬಂದ್ರಲ್ಲಮ್ಮ," ಎಂದರು ಡಾಕ್ಟರು.

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಆಕೆಯ ಆಪರೇಷನ್ ಶುರುವಾಯಿತು.